ಪ್ರೊಮಾಯಾ ಪುಸ್ತಕ ಸೇರಿದ ಕಥೆ

"ಸೆರ್ಬಿಯಾದಲ್ಲಿ ಪ್ರವಾಸಿಗಳಿಗೆ ವಿಶೇಷ ಅಪಾಯವೇನೂ ಇಲ್ಲ" ಎಂದು ಪರದೇಶದ ಹೆಂಗಸೊಬ್ಬಳು ನನ್ನ ಅಡುಗೆಮನೆಯಲ್ಲೇ ಕೂತು, ನಾನು ಕಾಸಿಕೊಟ್ಟ ಕಾಫಿ ಕುಡಿಯುತ್ತಾ, ನನ್ನ ಮುಖ ನೋಡಿಕೊಂಡೇ ಹೇಳಿದಳು. ನನಗೆ ಹೇಗಾಗಿರಬೇಡ, ನೀವೇ ಹೇಳಿ. ಐವತ್ತೆಂಟು ವರ್ಷ ಈ ದೇಶದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಬದುಕಿದವಳು ನಾನು. ಅಪಾಯವಿಲ್ಲವಂತೆ!

ಅವಳ ಹೆಸರು ಬೋದಿಲ್. ಡೆನ್ಮಾರ್ಕಿನವಳು, ಉದ್ದಕ್ಕೆ ವಿದ್ಯುತ್ ಕಂಬದ ಹಾಗಿದ್ದಳು. ಪರದೇಶಕ್ಕೆ ಹೋಗುವ ಪ್ರವಾಸಿಗಳು ಆರೋಗ್ಯ, ಸುರಕ್ಷತೆಗೆ ಏನೇನು ಎಚ್ಚರ ವಹಿಸಬೇಕು ಎಂದು ಪುಸ್ತಕ ಬರೆಯುವುದು ಅವಳ ಕಸುಬು. ಎಲ್ಲಿ ನೀರು ಕುದಿಸಿ ಕುಡಿಯಬೇಕು, ಎಲ್ಲಿ ನಾಯಿ ಕಚ್ಚುತ್ತದೆ, ಎಲ್ಲಿ ಜೇಬುಗಳ್ಳರಿದ್ದಾರೆ, ಎಲ್ಲವೂ ಅವಳಿಗೆ ಬಾಯಿಪಾಠ. ಈ ಸಲ ನಮ್ಮ ದೇಶದ ಸರದಿ. ನಮ್ಮ ಯೆಲೊವಾ ಬಾನ್ಯಾದಲ್ಲಿ ಬಿಸಿನೀರಿನ ಬುಗ್ಗೆ ಇರುವುದರಿಂದ, ಬೆನ್ನುನೋವು ಮಂಡಿನೋವಿನ ಪ್ರವಾಸಿಗಳು ಇಲ್ಲಿಗೆ ಬಂದೇ ಬರುತ್ತಾರೆಂದು, ಆರು ದಿನಕ್ಕೆ ನಮ್ಮ ಮನೆಯ ಮೇಲಿನ ಕೋಣೆ ಹಿಡಿದಿದ್ದಳು.

ಗಮನಿಸಿ, ನಮ್ಮ ಮನೆ. ಎದುರುಮನೆ ಅಲ್ಲ. ಎದುರುಮನೆಯಲ್ಲಿರುವುದು ನನ್ನ ಓರಗಿತ್ತಿ ಜಾಗೋರ್ಕಾ. ಅವಳೂ ಪ್ರವಾಸಿಗಳಿಗೆ ಎರಡು ಕೋಣೆ ಇಟ್ಟಿದ್ದಾಳೆ, ನಾನೂ ಎರಡು ಇಟ್ಟಿದ್ದೇನೆ. ನಾನು ಕಿಟಕಿಗೆ ಕೆಂಪು ಜೆರೇನಿಯಂ ಕುಂಡ ಇಟ್ಟರೆ ಮಾರನೇ ದಿನ ಅವಳ ಕಿಟಕಿಯಲ್ಲಿ ಎರಡು. ಈ ಪುಸ್ತಕದಲ್ಲಿ ಪ್ರವಾಸಿಗಳು ಇಳಿದುಕೊಳ್ಳಬೇಕಾದ ಮನೆ ಎಂದು ನನ್ನ ಮನೆಯ ಹೆಸರು ಅಚ್ಚಾದರೆ ಅವಳ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ ಎಂದು ನಾನು ಬೋದಿಲ್ ಹೊಸಿಲು ದಾಟುವ ಮುಂಚೆಯೇ ಲೆಕ್ಕ ಹಾಕಿದ್ದೆ. (ಅವಳ ಬಾಯಿ ಮುಚ್ಚಿಸುವುದಕ್ಕೆ ನಾನು ಮೂವತ್ತೊಂದು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ.)

"ಏನು, ಏನೂ ಅಪಾಯ ಇಲ್ವಾ? ಮತ್ತೆ ಪ್ರೊಮಾಯಾ?" ಅಂದೆ.

"ಪ್ರೊಮಾಯಾ ಎಂದರೇನು?" ಎಂದಳು ಬೋದಿಲ್. ಅವಳು ನಮ್ಮ ಭಾಷೆಯನ್ನು ಪಾಠಶಾಲೆಯಲ್ಲಿ ಕಲಿತವಳು. ಬಾಯಿ ತೆರೆದರೆ ರೇಡಿಯೋ ವಾರ್ತೆ ಕೇಳಿದ ಹಾಗಿರುತ್ತಿತ್ತು.

ನಾನು ಗೋಡೆ ಹಿಡಿದುಕೊಂಡೆ. ಪ್ರೊಮಾಯಾ ಗೊತ್ತಿಲ್ಲದೆ ಈ ಹೆಂಗಸು ನಲವತ್ತು ವರ್ಷ ಹೇಗೆ ಬದುಕಿದಳು? ನಾನು ವಿವರಿಸಿದೆ: ಮನೆಯ ಆ ಕಡೆ ಒಂದು ಕಿಟಕಿ, ಈ ಕಡೆ ಒಂದು ಬಾಗಿಲು ಒಟ್ಟಿಗೆ ತೆರೆದಿದ್ದರೆ ನಡುವೆ ಒಂದು ಗಾಳಿ ನುಗ್ಗುತ್ತದಲ್ಲ, ಅದೇ ಪ್ರೊಮಾಯಾ. ನನ್ನ ಸೋದರಮಾವನ ಎಡಗಿವಿಯನ್ನು ಕಳೆದದ್ದು ಅದು. ಅಂಚೆಯವನ ಬಾಯಿ ಸೊಟ್ಟ ಮಾಡಿದ್ದು ಅದು. ನಮ್ಮ ಪಾದ್ರಿಯ ಸೊಂಟ, ಬ್ರೆಡ್ ಅಂಗಡಿಯವಳ ಹಲ್ಲು, ಶಾಲೆಯ ಹೆಡ್‌ಮೇಷ್ಟ್ರ ಎರಡನೇ ಮದುವೆ ಮುರಿದದ್ದು, ಎಲ್ಲದರ ಹಿಂದೆಯೂ ಅದರದೇ ಕೈವಾಡ.

"ಕ್ಷಮಿಸಿ, ಶ್ರೀಮತಿ ದೇಸಾಂಕಾ. ವೈದ್ಯಕೀಯ ಗ್ರಂಥಗಳಲ್ಲಿ ಇಂಥ ವ್ಯಾಧಿಯ ಉಲ್ಲೇಖವಿಲ್ಲ. ನನಗೆ ಶುದ್ಧ ವಾಯುವಿನ ಅಗತ್ಯವಿದೆ" ಎಂದು ಬೋದಿಲ್ ಎದ್ದು ಹೋಗಿ ಕಿಟಕಿ ತೆರೆದಳು. ಆಮೇಲೆ ಎದುರಿನ ಬಾಗಿಲನ್ನೂ ತೆರೆದಳು. ಎರಡರ ನಡುವೆ ನಿಂತು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು!

ನಾನು ನನ್ನ ಗಂಡನ ಮುಖ ನೋಡಿದೆ. ಓಬ್ರಾದ್ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಇವರಾದರೂ ಒಂದು ಮಾತು ಹೇಳಬಹುದೆಂದು ಕಾದೆ.

"ತೆಗೀಲಿ ಬಿಡೇ" ಎಂದರು. "ಮೂವತ್ತು ವರ್ಷ, ಜುಲೈ ತಿಂಗಳಲ್ಲಿ, ನಲವತ್ತು ಡಿಗ್ರಿ ಬಿಸಿಲಲ್ಲಿ ಐವತ್ತು ಜನಾನ ಕಿಟಕಿ ಮುಚ್ಚಿ ಕರ್ಕೊಂಡು ಹೋಗಿದ್ದೀನಿ. ಒಬ್ಬ ಒಂದು ಬೆರಳಷ್ಟು ಕಿಟಕಿ ಸರಿಸಿದ್ರೆ ನಲವತ್ತೊಂಬತ್ತು ಜನ 'ಪ್ರೊಮಾಯಾ, ಪ್ರೊಮಾಯಾ' ಅಂತ ಕೂಗೋರು. ಬೆಂದು ಹೋದವರನ್ನ ಕೆಳಗಿಳಿಸಿದ್ದೀನಿ. ಗಾಳಿ ಹೊಡೆದು ಸತ್ತವರನ್ನ ಒಬ್ಬರನ್ನೂ ಇಳಿಸಿಲ್ಲ."

"ಕಿಟಕಿ ಮುಚ್ಚಿದ್ದಕ್ಕೇ ಸಾಯ್ಲಿಲ್ಲ!" ಅಂದೆ. ಈ ತರ್ಕಕ್ಕೆ ಇವರ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಮಹಾಸಂಗ್ರಾಮ ಶುರುವಾಯಿತು. ಬೋದಿಲ್ ಕಿಟಕಿ ತೆರೆಯುವಳು, ನಾನು ಮುಚ್ಚುವೆನು. ಅವಳು ಬರಿಗಾಲಲ್ಲಿ ಹೆಂಚಿನ ನೆಲದ ಮೇಲೆ ಓಡಾಡುವಳು, ನಾನು ಚಪ್ಪಲಿ ಹಿಡಿದು ಹಿಂದೆ ಓಡುವೆನು. ಅವಳು ಹೊರಗಿನ ಕಲ್ಲು ಮೆಟ್ಟಿಲ ಮೇಲೆ ಕೂತು ಬರೆಯುವಳು, ನಾನು "ಅಯ್ಯೋ, ಗರ್ಭಕೋಶಕ್ಕೆ ಥಂಡಿ ಏರುತ್ತಮ್ಮಾ!" ಎಂದು ಅವಳನ್ನು ಎತ್ತಿ ಅಡಿಗೆ ದಿಂಬು ತುರುಕುವೆನು. ಬುಗ್ಗೆಯಲ್ಲಿ ಸ್ನಾನ ಮುಗಿಸಿ ಒದ್ದೆ ತಲೆಯಲ್ಲೇ ಊರೆಲ್ಲ ಸುತ್ತಿ ಬಂದಳು ಒಂದು ದಿನ. ಒದ್ದೆ ತಲೆ! ಬೀದಿಯ ಹೆಂಗಸರೆಲ್ಲ ಬೇಲಿಗೆ ಬಂದು ಶಿಲುಬೆ ಗುರುತು ಮಾಡಿಕೊಂಡರು.

ಜಾಗೋರ್ಕಾ ಅಕ್ಕ ತನ್ನ ಗೇಟಿನಿಂದಲೇ ಕೂಗಿದಳು: "ದೇಸಾಂಕಾ, ನಿನ್ನ ಅತಿಥಿ ಸಾಯೋ ಮುಂಚೆ ನಮ್ಮನೆಗೆ ಕಳ್ಸು. ನಾನಾದ್ರೂ ನೋಡ್ಕೋತೀನಿ."

"ನಿಮ್ಮನೇಲಿ ನೊಣ ಕೂಡ ನಾಲ್ಕು ದಿನ ನಿಲ್ಲಲ್ಲ ಅಕ್ಕಾ!" ಅಂದೆ. ಅಂದೆ ಸರಿ, ಆದರೆ ಒಳಗೆ ಬಂದು ಲೆಕ್ಕ ಹಾಕಿದೆ. ಈ ಹೆಂಗಸು ನನ್ನ ಮನೆಯಲ್ಲಿ ಕಾಯಿಲೆ ಬಿದ್ದರೆ ಪುಸ್ತಕದಲ್ಲಿ ಏನೆಂದು ಬರುತ್ತದೆ? ಕಾಯಿಲೆ ಬೀಳದೆ ಹೋದರೆ ಪ್ರೊಮಾಯಾ ಸುಳ್ಳೆಂದು ಬರುತ್ತದೆ. ಎರಡೂ ಕಡೆಯಿಂದ ನನ್ನ ಮಾನ ಹೋಗುವ ಸ್ಥಿತಿ.

ನಾನು ಸುಮ್ಮನಿರುವವಳಲ್ಲ. ಬೋದಿಲ್ ಮಂಚದ ತಲೆ ಕಿಟಕಿಯ ಕೆಳಗೇ ಇತ್ತು. ಎಷ್ಟು ಸಲ ಮುಚ್ಚಿದರೂ ಅವಳು ಅದನ್ನು ತೆರೆದೇ ಮಲಗುತ್ತಿದ್ದಳು. ಸರಿ, ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಮೂರು ಉಣ್ಣೆ ದಿಂಬುಗಳನ್ನು ಅಟ್ಟದಿಂದ ಇಳಿಸಿದೆ. ಏನು ದಿಂಬುಗಳು ಅಂತೀರಿ! ಒಂದೊಂದೂ ಹಿಟ್ಟಿನ ಮೂಟೆಯ ಹಾಗೆ ಗಟ್ಟಿ. ಕಿಟಕಿಯಿಂದ ಬಂದ ಗಾಳಿ ತಲೆಗೆ ತಗುಲದೆ ಮೇಲೆಯೇ ಹಾದು ಹೋಗಲಿ ಎಂದು ಮೂರನ್ನೂ ಅವಳ ತಲೆಯಡಿಗೂ ಹಿಂದಕ್ಕೂ ಪೇರಿಸಿ ಕೋಟೆ ಕಟ್ಟಿದೆ. "ಇದನ್ನ ತೆಗೀಬೇಡಮ್ಮಾ, ನನ್ನಮ್ಮನ ಮೇಲಾಣೆ" ಎಂದು ಕೈ ಹಿಡಿದು ಕೇಳಿಕೊಂಡೆ. ಒಳ್ಳೆಯ ಹುಡುಗಿ, ತೆಗೆಯಲಿಲ್ಲ.

ಊಟದ ವಿಷಯ ಬೇರೆ ಹೇಳಬೇಕಾಗಿಲ್ಲ. ಮೈಯಲ್ಲಿ ಶಕ್ತಿ ಇದ್ದರೆ ಗಾಳಿಯನ್ನು ತಡೆದುಕೊಂಡಾಳು ಎಂದು ಬೆಳಿಗ್ಗೆ ಚೀಸಿನ ಪದರುರೊಟ್ಟಿ, ಹನ್ನೊಂದಕ್ಕೆ ಕೆನೆ ಹಾಕಿದ ಜೋಳದ ಗಂಜಿ, ಮಧ್ಯಾಹ್ನ ಕೋಳಿ ಸೂಪಿನಿಂದ ಹಿಡಿದು ಹಂದಿಮಾಂಸದವರೆಗೆ ಐದು ಬಗೆ, ನಡುನಡುವೆ ಪ್ಲಮ್ ಹಣ್ಣಿನ ಸಾರಾಯಿ, ನಮ್ಮ ರಾಕಿಯಾ. "ಸಾಕು, ಧನ್ಯವಾದಗಳು" ಎಂದು ಅವಳು ಹೇಳುತ್ತಿದ್ದಳು. ನಮ್ಮಲ್ಲಿ ಮೊದಲ 'ಸಾಕು' ಮರ್ಯಾದೆಗೆ ಹೇಳುವುದು, ಎರಡನೆಯದು ನಾಚಿಕೆಗೆ ಹೇಳುವುದು, ಮೂರನೆಯದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಬೋದಿಲ್ ಮಹಡಿಯಿಂದ ಇಳಿದು ಬಂದಳು. ತಲೆ ಎಡಭುಜದ ಮೇಲೆ ಒರಗಿತ್ತು. ಬಲಕ್ಕೆ ತಿರುಗಬೇಕಾದರೆ ಲಾರಿ ತಿರುಗಿದ ಹಾಗೆ ಇಡೀ ದೇಹವೇ ತಿರುಗಬೇಕಾಗಿತ್ತು.

"ಶ್ರೀಮತಿ ದೇಸಾಂಕಾ" ಎಂದಳು, ಒಲೆಯ ಕಡೆ ನೋಡುತ್ತಾ. (ನಾನು ಬಾಗಿಲ ಹತ್ತಿರ ಇದ್ದೆ.) "ನನ್ನ ಕತ್ತು ಚಲಿಸುತ್ತಿಲ್ಲ."

ಸಂತೋಷವನ್ನು ಬಚ್ಚಿಟ್ಟುಕೊಳ್ಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮರುಕವೂ ಆಯಿತು, ಆಗಲಿಲ್ಲ ಎನ್ನಲಾರೆ, ಆದರೆ ಅದು ಸ್ವಲ್ಪ ತಡವಾಗಿ ಬಂತು. ಮೊದಲು ನನ್ನ ಬಾಯಿಂದ ಹೊರಟದ್ದು, "ನೋಡಿದ್ಯಾ!" ಎಂಬ ಉದ್ಗಾರ. ಆ ಉದ್ಗಾರ ಬೀದಿಯ ಆಚೆ ತಲುಪಿತು, ಜಾಗೋರ್ಕಾ ಏಪ್ರನ್ನಿನಲ್ಲೇ ಓಡಿ ಬಂದಳು.

ಬಂದವಳೇ ಬೋದಿಲ್‌ಳ ಸುತ್ತ ಒಂದು ಸುತ್ತು ಹಾಕಿ, "ಇದು ಪ್ರೊಮಾಯಾ ಅಲ್ಲ" ಎಂದು ತೀರ್ಪು ಕೊಟ್ಟಳು. "ಕಲ್ಲು ಮೆಟ್ಟಿಲ ಮೇಲೆ ಕೂತದ್ದು ಇದು. ಥಂಡಿ ಕೆಳಗಿಂದ ಏರಿ ಕತ್ತಲ್ಲಿ ನಿಂತಿದೆ."

"ಕೆಳಗಿಂದ ಏರಿದ ಥಂಡಿ ಕತ್ತಿನವರೆಗೆ ಬರುತ್ತಾ? ಸೊಂಟದಲ್ಲೇ ನಿಲ್ಲುತ್ತೆ!"

"ಈಕೆ ಉದ್ದ ಇದ್ದಾಳಲ್ಲ, ಏರೋಕೆ ನಾಲ್ಕು ದಿನ ಹಿಡೀತು."

"ಅಕ್ಕಾ, ನನ್ನ ಅತಿಥಿ, ನನ್ನ ಕಿಟಕಿ, ನನ್ನ ಪ್ರೊಮಾಯಾ!"

"ಮೆಟ್ಟಿಲೂ ನಿಂದೇ ತಾನೆ? ಯಾಕೆ ಹೊಟ್ಟೆಕಿಚ್ಚು?"

ಜಗಳದ ಭರದಲ್ಲಿ ನಾವು ಚಿಕಿತ್ಸೆಯನ್ನು ಮರೆತವರಲ್ಲ. ನಾನು ಬಾಣಲೆಯಲ್ಲಿ ಉಪ್ಪು ಹುರಿದು ಉಣ್ಣೆಯ ಕಾಲುಚೀಲದಲ್ಲಿ ತುಂಬಿ ಕತ್ತಿಗಿಟ್ಟೆ. ಜಾಗೋರ್ಕಾ ಎಲೆಕೋಸಿನ ಎಲೆಗೆ ಹಂದಿಯ ಕೊಬ್ಬು ಸವರಿ ಅದರ ಮೇಲೆ ಅಂಟಿಸಿದಳು. ನಾನು ಅದನ್ನು ಕಿತ್ತು ರಾಕಿಯಾ ಹಾಕಿ ತಿಕ್ಕಿದೆ. ಅವಳು ಮತ್ತೆರಡು ಎಲೆ ಸುತ್ತಿದಳು. ನಾನು ರಾಕಿಯಾದಲ್ಲಿ ನೆನೆಸಿದ ಕಾಲುಚೀಲಗಳನ್ನು ಬೋದಿಲ್ ಪಾದಕ್ಕೆ ತೊಡಿಸಿದೆ. (ಕಾಲುಚೀಲ ಜ್ವರಕ್ಕೆ, ಕತ್ತಿಗಲ್ಲ. ಆದರೆ ಜಾಗೋರ್ಕಾ ಮುಂದೆ ಸುಮ್ಮನೆ ಕೂರಲಾಗುತ್ತದೆಯೇ?)

ಓಬ್ರಾದ್ ಬಾಗಿಲಲ್ಲಿ ನಿಂತು ನೋಡಿದರು. "ಎಲೆಕೋಸಲ್ಲಿ ಸುತ್ತಿದ್ದಾಯ್ತು, ಕೊಬ್ಬು ಹಾಕಿದ್ದಾಯ್ತು. ಇನ್ನೊಂದು ಹಿಡಿ ಅಕ್ಕಿ ಹಾಕಿ ಒಲೆ ಮೇಲಿಡಿ, ಮಧ್ಯಾಹ್ನದ ಊಟಕ್ಕಾಗುತ್ತೆ" ಎಂದು ಹೇಳಿ ತೋಟಕ್ಕೆ ಹೋದರು.

ಬೋದಿಲ್ ಮಾತ್ರ ತಾಳ್ಮೆಯ ಮೂರ್ತಿ. ಎಲೆಗಳ ನಡುವಿನಿಂದ ಒಂದು ಕೈ ಹೊರಗೆ ಚಾಚಿ ನೋಟ್‌ಬುಕ್ ತೆಗೆದುಕೊಂಡಳು. "ಪ್ರೊಮಾಯಾ" ಎಂದಳು. "ದಯವಿಟ್ಟು ಅಕ್ಷರಗಳನ್ನು ನಿಧಾನವಾಗಿ ಹೇಳಿ."

ನಾನು ಹೇಳಿದೆ. ಬರೆದುಕೊಂಡಳು.

"ನಿಮ್ಮ ಪೂರ್ಣ ಹೆಸರು? ಬೀದಿ? ಮನೆಯ ಸಂಖ್ಯೆ?"

ಅದನ್ನೂ ಹೇಳಿದೆ. ಮೂರು ಸಲ ಹೇಳಿದೆ, ತಪ್ಪಾಗಬಾರದೆಂದು. ಲಿಂಡನ್ ಬೀದಿ, ನಂಬರ್ ಹದಿನಾಲ್ಕು, ಹದಿಮೂರಲ್ಲ. ಹದಿಮೂರು ಜಾಗೋರ್ಕಾಳದು. ಬೋದಿಲ್ ಹದಿಮೂರನೇ ನಂಬರನ್ನು ಕೇಳಲಿಲ್ಲ. ಜಾಗೋರ್ಕಾ ಉಳಿದ ಎಲೆಕೋಸನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದಳು. ನನ್ನ ಮದುವೆಯ ದಿನವೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ. (ಇದನ್ನು ಇವರ ಮುಂದೆ ಓದಬೇಡಿ.)

ಬೋದಿಲ್ ಹೊರಡುವಾಗ ಕೆಂಪು ಮೆಣಸಿನಕಾಯಿ ಚಟ್ನಿಯ ಆರು ಬಾಟಲಿ, ರಾಕಿಯಾ ಎರಡು, ಕೈಯಲ್ಲಿ ಹೆಣೆದ ಕಾಲುಚೀಲ ನಾಲ್ಕು ಜೊತೆ ಕಟ್ಟಿಕೊಟ್ಟೆ. ಬಸ್ಸಿನ ಕಿಟಕಿ ಮುಚ್ಚಿಸಿ ಕೂರಿಸಿದೆ. ಕೈ ಬೀಸುವುದಕ್ಕೆ ಅವಳು ಸೀಟಿನಿಂದ ಎದ್ದು ಇಡೀ ದೇಹವನ್ನೇ ನನ್ನ ಕಡೆ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು. ಅಳು ನನಗೂ ಬಂತು.

ಆಮೇಲಿನ ಐದು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ. ಬ್ರೆಡ್ ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ಬುಗ್ಗೆಯಲ್ಲಿ ಕುತ್ತಿಗೆವರೆಗೆ ನೀರಲ್ಲಿ ನಿಂತು, "ಪುಸ್ತಕ ಬರ್ತಿದೆ, ಇನ್ಮೇಲೆ ಪರದೇಶದವರು ನಮ್ಮನೆ ಹುಡುಕ್ಕೊಂಡು ಬರ್ತಾರೆ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಕೊನೆಗೆ ಡಿಸೆಂಬರಿನಲ್ಲಿ, ಸಂತ ನಿಕೋಲಾನ ಹಬ್ಬಕ್ಕೆ ಎರಡು ದಿನ ಮುಂಚೆ, ಪುಸ್ತಕ ಬಂತು. ಸಂತ ನಿಕೋಲಾ ನಮ್ಮ ಮನೆತನದ ಸಂತ, ಅವನ ದಿನವೇ ನಮ್ಮ ಸ್ಲಾವಾ. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ತಾವಾಗಿಯೇ ಬರುತ್ತಾರೆ. ಅಂದರೆ ನನ್ನ ವಿಜಯೋತ್ಸವಕ್ಕೆ ಸಭಿಕರನ್ನು ಒದಗಿಸಿದ್ದು ಸ್ವತಃ ಸಂತ ನಿಕೋಲಾ.

ನಾನು ಎರಡು ದಿನ ಪುಸ್ತಕ ತೆರೆಯಲೇ ಇಲ್ಲ. ತೆರೆದಿದ್ದರೂ ಪ್ರಯೋಜನವಿರಲಿಲ್ಲ, ಅದು ಇಂಗ್ಲಿಷಿನಲ್ಲಿತ್ತು. ಹಬ್ಬದ ದಿನ ಮೂವತ್ತು ಜನ ನೆಂಟರು ಮೀನು, ಹುರುಳಿಕಾಯಿ, ಸಿಹಿಗೋಧಿ ತಿಂದು ಮುಗಿಸಿದ ಮೇಲೆ, ಮೇಣದಬತ್ತಿಯ ಪಕ್ಕದಲ್ಲಿ ಪುಸ್ತಕವಿಟ್ಟು, ಜಾಗೋರ್ಕಾಳ ಮಗಳು ತಿಯಾನಾಳನ್ನು ಕರೆದೆ. ಅವಳು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಜಾಗೋರ್ಕಾಳ ಮಗಳ ಬಾಯಿಂದಲೇ ಜಾಗೋರ್ಕಾಗೆ ಕೇಳಿಸಬೇಕೆಂಬುದು ನನ್ನ ಆಸೆ. ನಾನು ಅಷ್ಟು ಕೆಟ್ಟವಳು, ಒಪ್ಪಿಕೊಳ್ಳುತ್ತೇನೆ.

ತಿಯಾನಾ ಓದಿ ಓದಿ ನಮ್ಮ ಮಾತಿನಲ್ಲಿ ಹೇಳುತ್ತಾ ಹೋದಳು: "ಸೆರ್ಬಿಯಾದಲ್ಲಿ ನಲ್ಲಿ ನೀರು ಕುಡಿಯಬಹುದು. ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ, ಉದ್ದ ಕಾಲುಚೀಲ ಹಾಕಿಕೊಳ್ಳಿ. ರಸ್ತೆ ದಾಟುವಾಗ ಬಿಳಿ ಪಟ್ಟೆಯನ್ನು ಪೂರ್ತಿ ನಂಬಬೇಡಿ." ಎಲ್ಲರೂ ತಲೆಯಾಡಿಸಿದರು. "ಪ್ರೊಮಾಯಾ..."

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

"ಎದುರುಬದುರು ಕಿಟಕಿಗಳ ನಡುವೆ ಹಾಯುವ ಗಾಳಿ. ಈ ಬಗ್ಗೆ ಅಲ್ಲಿನವರೊಂದಿಗೆ ವಾದಿಸಬೇಡಿ. ಎದ್ದು ಹೋಗಿ ಕಿಟಕಿ ಮುಚ್ಚಿ."

ಚಪ್ಪಾಳೆ ಬಿತ್ತು! ಸೋದರಮಾವ ಬಲಗಿವಿಗೆ ಕೈ ಹಿಡಿದು, "ಏನಂದಳು, ಏನಂದಳು?" ಎಂದು ಕೇಳಿ ಮತ್ತೊಮ್ಮೆ ಹೇಳಿಸಿಕೊಂಡ. ನಾನು ಓಬ್ರಾದ್ ಕಡೆ ತಿರುಗಿದೆ. ಸ್ಲಾವಾ ದಿನ ಮನೆಯ ಯಜಮಾನ ಕೂರುವಂತಿಲ್ಲ, ಅವರು ಗೋಡೆಗೊರಗಿ ನಿಂತೇ ಇದ್ದರು. ಸೋತವರು ನಿಂತಿರುವುದೇ ಸರಿ ಅನ್ನಿಸಿತು.

"ಮುಂದೆ ಓದಮ್ಮ. ನಮ್ಮನೆ ವಿಷಯ ಬರಬೇಕು" ಅಂದೆ.

"ಬಂದಿದೆ ಚಿಕ್ಕಮ್ಮ. 'ಅತಿ ಮುಖ್ಯ ಎಚ್ಚರಿಕೆ. ಯೆಲೊವಾ ಬಾನ್ಯಾ, ಲಿಂಡನ್ ಬೀದಿ, ಹದಿನಾಲ್ಕನೇ ನಂಬರ್ ಮನೆ.'" ತಿಯಾನಾ ನಿಲ್ಲಿಸಿದಳು. ಅವಳ ಕಣ್ಣು ಮಾತ್ರ ಸಾಲುಗಳ ಮೇಲೆ ಓಡುತ್ತಿತ್ತು. "ಚಿಕ್ಕಮ್ಮ, ಎಲ್ಲರಿಗೂ ಕಾಫಿ ಮಾಡ್ಲಾ?"

"ಕಾಫಿ ಆಮೇಲೆ. ಓದೇ."

"ಅಕ್ಷರ ತುಂಬಾ ಚಿಕ್ಕದು..."

"ಓದು ಮಗಳೇ" ಎಂದಳು ಜಾಗೋರ್ಕಾ. ಆ ಹೆಂಗಸಿಗೆ ಇಂಥದ್ದು ದೂರದಿಂದಲೇ ವಾಸನೆ ಬಡಿಯುತ್ತದೆ. "ನಿಮ್ಮ ಚಿಕ್ಕಮ್ಮನ ಆಸೆ, ಒಂದಕ್ಷರ ಬಿಡದೆ ಓದು."

ತಿಯಾನಾ ಪುಸ್ತಕವನ್ನು ಮೇಣದಬತ್ತಿಗೆ ಹತ್ತಿರ ಹಿಡಿದಳು. "'ಈ ದೇಶದಲ್ಲಿ ಪ್ರವಾಸಿಯ ಆರೋಗ್ಯಕ್ಕೆ ನಾನು ಕಂಡ ಅತಿ ದೊಡ್ಡ ಅಪಾಯವೆಂದರೆ ಈ ಮನೆಯ ಯಜಮಾನಿ ಶ್ರೀಮತಿ ದೇಸಾಂಕಾ. ನಾನು ಆರೋಗ್ಯವಾಗಿ ಹೋದೆ. ಆರು ದಿನಗಳಲ್ಲಿ ನಾಲ್ಕು ಕಿಲೋ ಹೆಚ್ಚಿದೆ. ಬೇಡವೆಂದರೆ ಆಕೆಗೆ ಕೇಳಿಸುವುದಿಲ್ಲ. ಗಾಳಿಯಿಂದ ನನ್ನನ್ನು ಕಾಪಾಡಲು ಆಕೆ ನನ್ನ ತಲೆಯಡಿಗೆ ಮೂರು ದಿಂಬುಗಳನ್ನು ಪೇರಿಸಿದರು. ಅವುಗಳ ಚಿತ್ರ ನೋಡಿದ ನಮ್ಮೂರಿನ ವೈದ್ಯರು, ಇವುಗಳ ಮೇಲೆ ಮಲಗಿದರೆ ಕುದುರೆಯ ಕತ್ತೂ ಉಳುಕುತ್ತದೆ ಎಂದರು. ಇಷ್ಟು ಪ್ರೀತಿಯ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ಆಕೆಯನ್ನು ಖಂಡಿತ ಭೇಟಿಯಾಗಿ. ಆದರೆ ಅಲ್ಲಿ ತಂಗಬೇಡಿ.'"

ತಿಯಾನಾ ಪುಸ್ತಕ ಮುಚ್ಚಿದಳು. ಆಮೇಲೆ ಗೋಡೆಯ ಕಡೆಯಿಂದ ಒಂದು ವಿಚಿತ್ರ ಶಬ್ದ ಬಂತು. ನಿಂತಿದ್ದ ಯಜಮಾನರು ಸ್ಲಾವಾದ ನಿಯಮ ಮುರಿದು ನೆಲದ ಮೇಲೆ ಕೂತುಬಿಟ್ಟಿದ್ದರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂವತ್ತು ಜನರೂ ನಗತೊಡಗಿದರು. ಪಾದ್ರಿಗಳು ನಗುವನ್ನು ಗಡ್ಡದಲ್ಲಿ ಅಡಗಿಸಿಕೊಂಡರು, ಆದರೆ ಗಡ್ಡ ಕುಣಿಯುತ್ತಿತ್ತು.

ನಾನು ಅತ್ತೆನೆಂದುಕೊಂಡಿರಾ? ದೇಸಾಂಕಾ ಅಳುವವಳಲ್ಲ. ಎದ್ದು ನಿಂತೆ. "ಕೇಳಿಸ್ತಲ್ಲ?" ಅಂದೆ. "ಇಡೀ ದೇಶದಲ್ಲಿ ಅತಿ ದೊಡ್ಡದು ಅಂತ ಬರೆದಿದ್ದಾಳೆ. ನಾನು! ಉಣ್ಣಿ, ಲಾರಿ, ಪ್ರೊಮಾಯಾ ಎಲ್ಲಾ ಆಮೇಲೆ. ಹದಿಮೂರನೇ ನಂಬರಿನ ಹೆಸರು ಎಲ್ಲಾದ್ರೂ ಇದ್ರೆ ತೋರ್ಸಿ ನೋಡೋಣ!"

ತೋರಿಸಲು ಯಾರಿಂದಲೂ ಆಗಲಿಲ್ಲ. ಜಾಗೋರ್ಕಾ ಮುಖ ಸಿಹಿಗೋಧಿಯ ತಟ್ಟೆಗೆ ಇಳಿಯಿತು. ಆ ಗಳಿಗೆಯಲ್ಲಿ ಗೆದ್ದವಳು ನಾನೇ, ಮೂವತ್ತು ಜನ ಸಾಕ್ಷಿಗಳಿದ್ದಾರೆ.

ಮೇ ತಿಂಗಳಿನಿಂದ ಜನ ಬರತೊಡಗಿದರು. ಎಲ್ಲೆಲ್ಲಿಂದ ಅಂತೀರಿ! ನಾರ್ವೆ, ಹಾಲೆಂಡ್, ಐರ್ಲೆಂಡ್. ಮೊದಲು ಬಂದವರು ಒಬ್ಬ ಗಂಡ, ಒಬ್ಬ ಹೆಂಡತಿ, ನಾಲ್ಕು ಸೂಟ್‌ಕೇಸು. ಪುಸ್ತಕ ಕೈಯಲ್ಲಿ ಹಿಡಿದು ನನ್ನ ಗೇಟಿನ ನಂಬರ್ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ದೇಸಾಂಕಾ?" ಎಂದ ಗಂಡ.

"ಹೌದು! ನಾನೇ ದೇಸಾಂಕಾ!" ಎಂದು ಎದೆ ಉಬ್ಬಿಸಿ ಗೇಟು ತೆರೆದೆ.

ಎಂಥಾ ಸಂಭ್ರಮ ಅವರಿಗೆ! ಹೆಂಡತಿ ನನ್ನನ್ನು ತಬ್ಬಿಕೊಂಡಳು. ಗಂಡ ನನ್ನ ಕೈ ಕುಲುಕಿ ಕುಲುಕಿ ಭುಜ ನೋಯಿಸಿದ. ಬಾಗಿಲ ಮುಂದೆ ನನ್ನನ್ನು ನಡುವೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡರು. ತೆಗೆದವರು ಓಬ್ರಾದ್. ನಾನು ಚೆರ್ರಿ ಹಣ್ಣಿನ ಸಿಹಿ, ತಣ್ಣೀರು ತಂದೆ, ಒಂದೊಂದು ಚಮಚ ತಿಂದರು. ಬೀದಿಯಲ್ಲಿ ಎಲ್ಲರೂ ನೋಡುತ್ತಿದ್ದರು. ನಾನು ಒಂದು ಸೂಟ್‌ಕೇಸಿಗೆ ಕೈ ಹಾಕಿದೆ. ಗಂಡ ನಯವಾಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ತಲೆಬಾಗಿ ವಂದಿಸಿದ. ಆಮೇಲೆ ಇಬ್ಬರೂ ಸೂಟ್‌ಕೇಸು ಎಳೆದುಕೊಂಡು ರಸ್ತೆ ದಾಟಿ, ಹದಿಮೂರನೇ ನಂಬರಿನ ಗೇಟು ತಳ್ಳಿದರು. ಅಲ್ಲಿ ಮಹಡಿಯ ಕಿಟಕಿಗಳೆಲ್ಲ ತೆರೆದು ಪರದೆಗಳು ಹಾರಾಡುತ್ತಿದ್ದವು. ಉಣ್ಣೆ ಶಾಲನ್ನು ಕಿವಿ ಮುಚ್ಚುವ ಹಾಗೆ ಬಿಗಿದುಕೊಂಡ ಜಾಗೋರ್ಕಾ, ಪ್ರಾಣಕ್ಕೆ ಹೆದರುತ್ತಲೇ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ನಿಲ್ಲಿ! ಅಲ್ಲಿಗೆ ಹೋಗ್ಬೇಡಿ!" ಎಂದು ನಾನು ಗೇಟು ಹಿಡಿದು ಕೂಗಿದೆ. "ಆ ಮನೇಲಿ ಎಲ್ಲಾ ಕಿಟಕಿ ತೆಗೆದಿವೆ!"

"ಅದಕ್ಕೇ ಕಣೇ ಹೋಗ್ತಿರೋದು" ಎಂದರು ಓಬ್ರಾದ್, ಅವರ ಕಡೆ ಕೈ ಬೀಸುತ್ತಾ.